ಸಹಾಯ ಬೇಕು: ಪಿಕ್ರಿಕ್ ಆಮ್ಲ ಪತ್ತೆ – ಇದು ನಿಜವಾದ ಕ್ವೆಂಚಿಂಗೋ (ಹೊಳಪು ಆರಿಸುವುದು), ಬರೀ ಬಣ್ಣದ ಆಟವೋ?

ಎಲ್ಲರಿಗೂ ನಮಸ್ಕಾರ. ಫ್ಲೋರೆಸೆನ್ಸ್ (ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವುದು) ಕೆಲಸ ಗೊತ್ತಿರುವವರು ದಯವಿಟ್ಟು ನೋಡಿ.

ಎಂ.ಎಸ್ಸಿ ಪ್ರಾಜೆಕ್ಟಿಗೆ ಅಮಿನೋ ಗುಂಪಿರುವ ಜಿರ್ಕೋನಿಯಂ ಎಂಒಎಫ್ (ಲೋಹ ಮತ್ತು ಸಾವಯವ ಕೊಂಡಿಗಳ ಜಾಲ) ಮಾಡಿದ್ದೇನೆ (2025ರ ರಸಾಯನಶಾಸ್ತ್ರ ನೊಬೆಲ್ ಬಂತಲ್ಲ, ಅದೇ ಜಾತಿಯ ರಂಧ್ರಮಯ ವಸ್ತು). ನೀರಿನಲ್ಲಿ ಕೆಡುವುದಿಲ್ಲ, 365 ನ್ಯಾನೊಮೀಟರ್ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಸ್ಫೋಟಕವಾದ ಪಿಕ್ರಿಕ್ ಆಮ್ಲ ಹಾಕುತ್ತಾ ಹೋದಂತೆ ಹೊಳಪು ಕುಸಿಯುತ್ತದೆ. ಸ್ಟರ್ನ್-ವೋಲ್ಮರ್ ಗೆರೆ (ಹಾಕಿದ ಪ್ರಮಾಣಕ್ಕೆ ಹೊಳಪು ಎಷ್ಟು ಪಟ್ಟು ಇಳಿಯಿತು ಅನ್ನುವ ನಕ್ಷೆ) ಮೊದಲು ನೇರ, ಆಮೇಲೆ ಮೇಲಕ್ಕೆ ಬಾಗುತ್ತದೆ.

ಗೈಡ್‌ಗೆ ಖುಷಿ, ನನಗೆ ಅನುಮಾನ. ನೀರಿನಲ್ಲಿ ಪಿಕ್ರಿಕ್ ಆಮ್ಲ ಪಿಕ್ರೇಟ್ ಆಗಿ ಹಳದಿ ಬಣ್ಣ ತಾಳುತ್ತದೆ. 355 ನ್ಯಾನೊಮೀಟರ್ ಆಸುಪಾಸಿನಲ್ಲಿ ಅದರದೇ ಜೋರು ಹೀರಿಕೆ ಇದೆ. ದೀಪದ ಬೆಳಕು ಎಂಒಎಫ್ ತಲುಪುವ ಮೊದಲೇ ಅದು ನುಂಗಿಬಿಟ್ಟರೆ? ಇನ್ನೊಂದು ಸ್ಫೋಟಕ ಟಿಎನ್‌ಟಿಗೆ ಆ ಜಾಗದಲ್ಲಿ ಹೀರಿಕೆ ತೀರಾ ಕಡಿಮೆ. ಹಾಗಾಗಿ ಪೇಪರುಗಳಲ್ಲಿ ಕೊಚ್ಚಿಕೊಳ್ಳುವ 'ಪಿಕ್ರಿಕ್ ಆಮ್ಲಕ್ಕೆ ಮಾತ್ರ ಸ್ಪಂದನೆ' ಅನ್ನುವುದರಲ್ಲೂ ಎಷ್ಟೋ ಪಾಲು ಬಣ್ಣದ್ದೇ ಇರಬೇಕು ಅನಿಸುತ್ತಿದೆ.

ಹೀಗೆ ದ್ರಾವಣವೇ ಬೆಳಕು ನುಂಗುವ 'ಇನ್ನರ್ ಫಿಲ್ಟರ್' ಪರಿಣಾಮದ ತಿದ್ದುಪಡಿಗೆ, ಹಾಯಿಸುವ ಮತ್ತು ಹೊಮ್ಮುವ ಬೆಳಕಿನ ಎರಡೂ ತರಂಗಾಂತರಗಳ ಅಬ್ಸಾರ್ಬೆನ್ಸ್ (ಹೀರಿಕೆಯ ಅಳತೆ) ಕೂಡಿಸಿ, ಅರ್ಧ ಮಾಡಿ, ಅದನ್ನು 10ಕ್ಕೆ ಘಾತವಾಗಿಟ್ಟು ಅಳೆದ ಹೊಳಪಿಗೆ ಗುಣಿಸುವ ಸೂತ್ರವಿದೆಯಲ್ಲ, ಅದು ತಿಳಿ ದ್ರಾವಣಕ್ಕೆ ಸರಿ. ನನ್ನದು ಪುಡಿ ತೇಲುವ ಕಲಕು ನೀರು, ಬೆಳಕು ಚದುರುತ್ತದೆ. ಇದಕ್ಕೆ ನೀವು ಏನು ಮಾಡುತ್ತೀರಿ? ಫ್ರಂಟ್-ಫೇಸ್ ಹೋಲ್ಡರ್ (ಮುಂಭಾಗದಿಂದಲೇ ಹೊಳಪು ಅಳೆಯುವ ಹಿಡಿಕೆ), ತೆಳು ಕ್ಯುವೆಟ್ (ದ್ರಾವಣ ಇಡುವ ಪಾರದರ್ಶಕ ಕೊಳವೆ) ಸಾಕಾ? ಲೈಫ್‌ಟೈಮ್ (ಹೊಳಪು ಆರುವ ಮೊದಲು ಉಳಿಯುವ ಸರಾಸರಿ ಸಮಯ) ಬದಲಾಗದಿದ್ದರೂ ಸ್ಟ್ಯಾಟಿಕ್ ಕ್ವೆಂಚಿಂಗ್ (ಮೊದಲೇ ಅಂಟಿಕೊಂಡು ಹೊಳೆಯದಂತೆ ಮಾಡುವುದು) ಇರುವ ಸಾಧ್ಯತೆ ಉಳಿದುಕೊಳ್ಳುತ್ತದೆ, ಅದನ್ನು ಇನ್ನರ್ ಫಿಲ್ಟರ್‌ನಿಂದ ಬೇರ್ಪಡಿಸುವುದು ಹೇಗೆ?

ಬೆಂಗಳೂರು, ಮೈಸೂರು ಕಡೆ ಲೈಫ್‌ಟೈಮ್ ಅಳೆಯಲು ಹೊರಗಿನ ವಿದ್ಯಾರ್ಥಿಗಳಿಗೆ ಸ್ಲಾಟ್ ಸಿಗುವ ಜಾಗ ಗೊತ್ತಿದ್ದರೆ ಅದನ್ನೂ ತಿಳಿಸಿ.

(ಪಿಕ್ರಿಕ್ ಆಮ್ಲ ಒಣಗಿದರೆ ಅಪಾಯ ಅಂತ ಗೊತ್ತು. ಒದ್ದೆಯಾಗಿಯೇ ಇಟ್ಟಿದ್ದೇವೆ, ಲೋಹದ ಚಮಚ ಮುಟ್ಟಿಸುವುದಿಲ್ಲ.)