ನ್ಯಾಕ್ ಬರ್ತಿದೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಡೊಂಬಿವಲಿಯ ಕಾಮರ್ಸ್ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕನ್ನಡಿಗರ ಟ್ರಸ್ಟ್ ನಡೆಸುವ ಸಣ್ಣ ಡಿಗ್ರಿ ಕಾಲೇಜು, ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬಿ.ಕಾಂ. ಜೊತೆಗೆ ಎರಡು ಸೆಲ್ಫ್ ಫೈನಾನ್ಸ್ ಕೋರ್ಸ್ ಇವೆ. ನ್ಯಾಕ್‌ಗೆ, ಅಂದರೆ ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಗೆ, ಇದೇ ಮೊದಲ ಸಲ ಹೋಗುತ್ತಿದ್ದೇವೆ. ಹೋದ ವಾರ ಪ್ರಿನ್ಸಿಪಾಲರು ಕರೆದು, "ಮೇಡಂ, ಐಕ್ಯೂಎಸಿ ಇನ್ನು ನೀವೇ ನೋಡ್ಕೊಳ್ಳಿ, ಸ್ವಯಂ ಅಧ್ಯಯನ ವರದಿ ತಯಾರಾಗಬೇಕು" ಅಂದರು. ಐಕ್ಯೂಎಸಿ ಅಂದರೆ ಕಾಲೇಜಿನೊಳಗಿನ ಗುಣಮಟ್ಟ ಸಮಿತಿ; ಈ ವರದಿ ಅಂದರೆ ನಮ್ಮ ಕಾಲೇಜಿನ ಬಗ್ಗೆ ನಾವೇ ನ್ಯಾಕ್‌ಗೆ ಕೊಡುವುದು. ಆರ್ಡರ್ ಜೊತೆ ಒಂದು ಕಪಾಟಿನ ಬೀಗದ ಕೈ ಕೊಟ್ಟರು. ತೆಗೆದು ನೋಡಿದರೆ ಕಪಾಟು ಖಾಲಿ. ಈ ಕೆಲಸ ಮಾಡಿದವರು ಇದ್ದರೆ ಎಲ್ಲಿ ಎಡವಿದಿರಿ ಹೇಳ್ತೀರಾ? ಒಂದು ಏಜೆನ್ಸಿಯವರು "ಎಲ್ಲ ನಾವೇ ಬರೆದುಕೊಡ್ತೀವಿ" ಅಂತ ದಿನಾ ಫೋನ್ ಮಾಡುತ್ತಿದ್ದಾರೆ.

ಉತ್ತರ: ಘಾಟ್‌ಕೋಪರ್, ನ್ಯಾಕ್‌ನ ಎರಡು ಸುತ್ತಿಗೆ ಕೋಆರ್ಡಿನೇಟರ್ ಆಗಿದ್ದವರು

ಮೇಡಂ, ಈಗಲೇ ಬರೆಯಲು ಕೂರಬೇಡಿ, ಮೊದಲು ಹುಡುಕಿ. ನಾನು ಮೊದಲ ಸುತ್ತಿನಲ್ಲಿ ಇಡೀ ದೀಪಾವಳಿ ರಜೆ ಕೂತು ಕಾಲೇಜಿನ ಇತಿಹಾಸ, ಧ್ಯೇಯ, ಸಂಸ್ಥಾಪಕರ ತ್ಯಾಗ ಅಂತ ನಲವತ್ತು ಪುಟ ಬರೆದೆ. ಓದಲು ಚೆನ್ನಾಗಿತ್ತು. ಆಮೇಲೆ ಗೊತ್ತಾಯಿತು, ಅದನ್ನು ಹಾಕಲು ಜಾಗವೇ ಇಲ್ಲ ಅಂತ. ವರದಿ ಅಂದರೆ ಆನ್‌ಲೈನ್ ಫಾರ್ಮು. ವಿವರಣೆಗೆ ಪದಗಳ ಮಿತಿ ಇದೆ. ಉಳಿದದ್ದೆಲ್ಲ ಅಂಕಿ, ಆ ಅಂಕಿಗೆ ಕಾಗದ.

ಇನ್ನೊಂದು ವಿಷಯ. ಐಐಕ್ಯೂಎ ಅಂತ ಮೊದಲ ಅರ್ಜಿ ಹಾಕುತ್ತೀರಲ್ಲ, ಅದು ಒಪ್ಪಿಗೆಯಾದ ಮೇಲೆ ವರದಿ ತುಂಬಲು ನಮಗೆ ಇದ್ದದ್ದು 45 ದಿನ. ನಾವು ಉತ್ಸಾಹದಲ್ಲಿ ಅರ್ಜಿ ಹಾಕಿ ಆಮೇಲೆ ಫೈಲು ಹುಡುಕಲು ಹೋದೆವು. ಆ 45 ದಿನ ಮನೆಯಲ್ಲಿ ನನ್ನ ಮುಖ ಯಾರೂ ನೋಡಿಲ್ಲ. ನೀವು ಎಲ್ಲ ಸೇರಿಸಿಟ್ಟುಕೊಂಡು ಆಮೇಲೆ ಆ ಬಟನ್ ಒತ್ತಿ.

ಶುರು ಮಾಡಲು ಒಂದು ಎಕ್ಸೆಲ್ ಹಾಳೆ ಸಾಕು. ನ್ಯಾಕ್ ಮ್ಯಾನುಯಲ್‌ನಲ್ಲಿರುವ ಒಂದೊಂದು ಪ್ರಶ್ನೆಗೂ ಒಂದು ಸಾಲು. ಯಾವ ದಾಖಲೆ ಕೇಳುತ್ತಾರೆ, ಅದು ಯಾರ ಹತ್ತಿರ ಇದೆ, ಆಮೇಲೆ ಹಿಂದಿನ ಐದು ವರ್ಷಕ್ಕೆ ಐದು ಕಾಲಂ. ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ನಮ್ಮ ಹಾಳೆ ಮೊದಲ ದಿನ ದಾಸವಾಳದ ಗಿಡದ ಹಾಗಿತ್ತು.

ನನ್ನ ಪ್ರಕಾರ ಸ್ವಯಂ ಅಧ್ಯಯನ ಅನ್ನುವುದು ಆ ಕೆಂಪು ಚೌಕದಲ್ಲೇ ಇದೆ. ಒಂದು ಉದಾಹರಣೆ ಹೇಳುತ್ತೇನೆ. ವಿದ್ಯಾರ್ಥಿಗಳಿಂದ ಫೀಡ್‌ಬ್ಯಾಕ್ ತಗೊಂಡಿರಾ, ಅದನ್ನು ವಿಶ್ಲೇಷಣೆ ಮಾಡಿದಿರಾ, ಮಾಡಿ ಏನು ಕ್ರಮ ಕೈಗೊಂಡಿರಿ ಅಂತ ಕೇಳುತ್ತಾರೆ. ನಾವು ಪ್ರತಿ ವರ್ಷ ತಪ್ಪದೆ ಫಾರ್ಮ್ ತುಂಬಿಸಿ, ದಾರ ಕಟ್ಟಿ, ಅಟ್ಟದ ಮೇಲೆ ಇಡುತ್ತಿದ್ದೆವು. ಯಾರೂ ಓದಿರಲಿಲ್ಲ. ಎರಡನೇ ಸುತ್ತಿಗೆ ಮೂರು ಜನ ಕೂತು ಆ ಕಟ್ಟು ಬಿಚ್ಚಿದೆವು. ಮೂರು ವರ್ಷದಿಂದ ಮಕ್ಕಳು ಒಂದೇ ಮಾತು ಬರೆದಿದ್ದರು: ಏಳು ಗಂಟೆಯ ಮೊದಲ ಪೀರಿಯಡ್ ಬೇಡ, ಕಸಾರಾ, ಕರ್ಜತ್ ಕಡೆಯಿಂದ ಬರುವವರು ನಾಲ್ಕು ಗಂಟೆಗೆ ಏಳಬೇಕು. ನಾವು ಮಾತ್ರ ಸ್ಟಾಫ್ ರೂಮಿನಲ್ಲಿ ಕೂತು "ಈಗಿನ ಮಕ್ಕಳಿಗೆ ಓದು ಬೇಡ, ಮೊದಲ ಪೀರಿಯಡ್ಡಿಗೆ ಬರೋದೇ ಇಲ್ಲ" ಅಂತ ಬೈಯುತ್ತಿದ್ದೆವು. ಟೈಮ್‌ಟೇಬಲ್ ನಮ್ಮ ಕೈಯಲ್ಲೇ ಇತ್ತು. ನಲವತ್ತು ನಿಮಿಷ ಮುಂದೆ ಹಾಕಿದೆವು. ಒಂದು ರೂಪಾಯಿ ಖರ್ಚಿಲ್ಲ. ಹಾಜರಿ ಪುಸ್ತಕ ತಾನೇ ಹೇಳಿತು.

ಏಜೆನ್ಸಿಯವರಿಗೆ ಆ ಕಟ್ಟು ಅಟ್ಟದ ಮೇಲಿದೆ ಅಂತ ಹೇಗೆ ಗೊತ್ತಾಗಬೇಕು? ಕೋಷ್ಟಕ ತುಂಬಲು, ಸ್ಕ್ಯಾನ್ ಮಾಡಲು ಸಹಾಯ ತಗೊಳ್ಳಿ, ತಪ್ಪಿಲ್ಲ. ಬರೆಯುವುದು ಮಾತ್ರ ನೀವೇ. ಪೀರ್ ಟೀಮ್, ಅಂದರೆ ನ್ಯಾಕ್‌ನ ತಪಾಸಣೆ ತಂಡ, ಪ್ರಶ್ನೆ ಕೇಳಿದಾಗ ಉತ್ತರ ಕೊಡಲು ಏಜೆನ್ಸಿಯವರು ಬರುವುದಿಲ್ಲ.

ಉತ್ತರ: ಚೆಂಬೂರ್, ನಿವೃತ್ತ ಹೆಡ್ ಕ್ಲರ್ಕ್

ಮೇಲಿನ ಸರ್ ಹೇಳಿದ್ದು ಸರಿ. ಆದರೆ ಎಲ್ಲ ಪ್ರಾಧ್ಯಾಪಕರ ಹಾಗೆ ಅವರೂ ಆಫೀಸನ್ನು ಮರೆತರು. ನಿಮ್ಮ ಕೆಂಪು ಚೌಕದಲ್ಲಿ ಅರ್ಧ ನಮ್ಮ ಕಪಾಟಿನಲ್ಲಿ ಇರುತ್ತೆ ಸ್ವಾಮಿ, ಬಂದು ಕೇಳಬೇಕಷ್ಟೆ.

ಮೇಡಂ, ಮೊದಲು ವಿದ್ಯಾರ್ಥಿಗಳ ಸಂಖ್ಯೆ ಒಂದು ಮಾಡಿಕೊಳ್ಳಿ. ನಮ್ಮಲ್ಲಿ ಒಂದೇ ವರ್ಷಕ್ಕೆ ಮೂರು ಸಂಖ್ಯೆ ಇತ್ತು. ಅಡ್ಮಿಷನ್ ರಿಜಿಸ್ಟರಿನಲ್ಲಿ ಒಂದು, ಪರೀಕ್ಷೆ ಫಾರ್ಮಿನಲ್ಲಿ ಒಂದು, ಸರ್ಕಾರ ನಡೆಸುವ ಉನ್ನತ ಶಿಕ್ಷಣದ ಐಷೆ ಸರ್ವೆಗೆ ಕಳಿಸಿದ್ದು ಇನ್ನೊಂದು. ಕಾರಣ ಏನೆಂದರೆ ಎಟಿಕೆಟಿ ಮಕ್ಕಳನ್ನು, ಅಂದರೆ ಕೆಲವು ವಿಷಯ ಬಾಕಿ ಇಟ್ಟುಕೊಂಡೇ ಮುಂದಿನ ತರಗತಿಗೆ ಹೋದವರನ್ನು, ಒಬ್ಬರು ಲೆಕ್ಕಕ್ಕೆ ತಗೊಂಡಿದ್ದರು, ಇನ್ನೊಬ್ಬರು ಬಿಟ್ಟಿದ್ದರು. ಮಧ್ಯದಲ್ಲಿ ಬಿಟ್ಟುಹೋದವರ ಹೆಸರಿಗೂ ಯಾರೂ ಗೆರೆ ಎಳೆದಿರಲಿಲ್ಲ. ವರದಿ ಕಳಿಸಿದ ಮೇಲೆ ಡಿವಿವಿ ಅಂತ ಅಂಕಿಗಳ ತಪಾಸಣೆ ಇದೆ. ಅಲ್ಲಿ ಒಂದು ಸಂಖ್ಯೆ ತಾಳೆ ಆಗದಿದ್ದರೆ ಅದನ್ನು ಭಾಗಾಕಾರಕ್ಕೆ ಬಳಸಿದ ಎಲ್ಲ ಉತ್ತರವೂ ಕೆಡುತ್ತದೆ. ಶಿಕ್ಷಕರ ಅನುಪಾತ, ಸ್ಕಾಲರ್‌ಶಿಪ್, ತಲೆಗೆ ಖರ್ಚು, ಎಲ್ಲ.

ಖರ್ಚಿನ ಲೆಕ್ಕಕ್ಕೆ ಆಡಿಟ್ ಆದ ಪತ್ರವೇ ಬೇಕು. ಸಿಎ ಅವರಿಗೆ ಜುಲೈ ಮೊದಲ ವಾರದಲ್ಲೇ ಹೇಳಿಡಿ. ಆಮೇಲೆ ರಿಟರ್ನ್ ತುಂಬುವ ಗಲಾಟೆಯಲ್ಲಿ ಅವರು ಫೋನ್ ಎತ್ತಲ್ಲ. ಮತ್ತೆ ನಮ್ಮ ಮುಂಬೈ ಮಳೆ ಗೊತ್ತಲ್ಲ. ನೆಲದ ಮೇಲಿಟ್ಟ ಫೈಲು ಎಲ್ಲ ಈಗಲೇ ಮೇಲಕ್ಕೆತ್ತಿ. ನಮ್ಮದು ಎರಡು ವರ್ಷದ ಹಾಜರಿ ಪುಸ್ತಕ ಹಪ್ಪಳ ಆಗಿತ್ತು.

ಉತ್ತರ: ಸಾಂತಾಕ್ರೂಜ್, ಲೈಬ್ರೇರಿಯನ್

ಎರಡೇ ಮಾತು. ಕಾರ್ಯಕ್ರಮದ ಫೋಟೊ ತೆಗೆಯುವಾಗ ಜಾಗ, ತಾರೀಕು ಬರುವ ಆ್ಯಪ್ ಬಳಸಿ, ಇವತ್ತಿನಿಂದಲೇ. ಜಿಯೋಟ್ಯಾಗ್ ಇರುವ ಫೋಟೊ ಕೇಳುತ್ತಾರೆ. ನಮ್ಮ ಹತ್ತಿರ ಅತಿಥಿಗೆ ಶಾಲು ಹೊದಿಸುವ ಫೋಟೊ ನೂರಿತ್ತು, ಯಾವ ಕಾರ್ಯಕ್ರಮ ಅಂತ ಒಂದರಲ್ಲೂ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು, ವಿದ್ಯಾರ್ಥಿಗಳ ಇಮೇಲ್. ನ್ಯಾಕ್‌ನವರು ತೃಪ್ತಿ ಸಮೀಕ್ಷೆಯನ್ನು ನೇರವಾಗಿ ಮಕ್ಕಳ ಇಮೇಲ್‌ಗೇ ಕಳಿಸುತ್ತಾರೆ. ನಾವು ತೆಗೆದು ನೋಡಿದರೆ ಹನ್ನೊಂದು ಹುಡುಗರಿಗೆ ಒಂದೇ ಇಮೇಲ್. ಯಾರದ್ದು? ಅಡ್ಮಿಷನ್ ಫಾರ್ಮ್ ತುಂಬಿಕೊಟ್ಟ ಜೆರಾಕ್ಸ್ ಅಂಗಡಿಯವನದ್ದು!

ಉತ್ತರ: ಫೋರ್ಟ್, ಹಳೆ ವಿದ್ಯಾರ್ಥಿ

ನಾನು ಮೇಷ್ಟ್ರಲ್ಲ ಮೇಡಂ, ಕ್ಯಾಂಟೀನ್ ನಡೆಸುವವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಓದಿದವನು. ನಮ್ಮ ಕಾಲೇಜಿಗೆ ತಂಡ ಬಂದಾಗ ಹಳೆ ವಿದ್ಯಾರ್ಥಿಗಳನ್ನು ಬೇರೆ ಕೂರಿಸಿ ಮಾತಾಡಿಸಿದರು. ನಮಗೆ ಹಿಂದಿನ ದಿನ ಒಂದು ಚೀಟಿ ಕೊಟ್ಟು ಬಾಯಿಪಾಠ ಮಾಡಿಸಿದ್ದರು. ನನ್ನ ಪಕ್ಕದವನು ಗಿಣಿ ಹಾಗೆ ಒಪ್ಪಿಸಿದ. ಅವರು ನಕ್ಕು, "ಸಂಘ ರಿಜಿಸ್ಟರ್ ಆಗಿದೆಯಾ?" ಅಂತ ಕೇಳಿದರು. ಆಗಿರಲಿಲ್ಲ. ವರ್ಷಕ್ಕೊಮ್ಮೆ ಸೇರಿ ಊಟ ಮಾಡುತ್ತಿದ್ದೆವು, ಅಷ್ಟೆ. ಹಳಬರನ್ನು ಕರೆಯುವುದಾದರೆ ತಂಡ ಬರುವ ವಾರ ಕರೆಯಬೇಡಿ, ಈಗಲೇ ಕರೆಯಿರಿ. ಹುಡುಗರಿಗೆ ಕೆಲಸ ಕೊಡಿಸುವುದಾದರೂ ನಮ್ಮಿಂದ ಆಗುತ್ತದೆ.

ಮತ್ತೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಆಫೀಸಿಗೆ ಹೋಗಿ ಕೇಳಿದೆ. ನಮ್ಮಲ್ಲಿ ಎರಡೇ ಸಂಖ್ಯೆ ಇದೆ, ಮೂರಿಲ್ಲ! ಇನ್ನೆರಡು ಅನುಮಾನ. ವರದಿಯಲ್ಲಿ ನಮ್ಮ ದೌರ್ಬಲ್ಯವನ್ನೂ ಬರೆಯಬೇಕಂತೆ. ಪ್ರಿನ್ಸಿಪಾಲರು "ಜಾಗ ಕಡಿಮೆ ಅಂತ ಬರೆದುಬಿಡಿ, ಸಾಕು" ಅನ್ನುತ್ತಾರೆ. ಟ್ರಸ್ಟಿಗಳು ಎ ಗ್ರೇಡ್ ಬರಲೇಬೇಕು ಅಂತ ಗೋಡೆಗೆ ಬಣ್ಣ ಹೊಡೆಸಲು ಹೊರಟಿದ್ದಾರೆ.

ಉತ್ತರ: ಘಾಟ್‌ಕೋಪರ್

ಮುಂಬೈಯಲ್ಲಿ ಜಾಗ ಕಡಿಮೆ ಅಂತ ಹೇಳಲು ನ್ಯಾಕ್ ಬೇಕಾ ಮೇಡಂ? ನಾವೂ ಮೊದಲ ಸಲ ಅದನ್ನೇ ಬರೆದಿದ್ದೆವು. ಎರಡನೇ ಸಲ ನಿಜ ಬರೆದೆವು: ಎಫ್‌ವೈ (ಮೊದಲ ವರ್ಷ) ಮುಗಿದ ಮೇಲೆ ಕೆಲಸಕ್ಕೆ ಸೇರಿ ಓದು ಬಿಡುವವರು ಜಾಸ್ತಿ, ಅವರನ್ನು ಉಳಿಸಿಕೊಳ್ಳಲು ನಮಗಿನ್ನೂ ಆಗಿಲ್ಲ ಅಂತ. ಪ್ರಿನ್ಸಿಪಾಲರು ಹೆದರಿದ್ದರು. ತಂಡದವರು ಅದೇ ವಿಷಯ ಹಿಡಿದು ಅರ್ಧ ಗಂಟೆ ನಮ್ಮ ಜೊತೆ ಮಾತಾಡಿದರು. ಆ ಎರಡು ದಿನದಲ್ಲಿ ನನಗೆ ಏನಾದರೂ ಉಪಯೋಗ ಆಗಿದ್ದರೆ ಆ ಅರ್ಧ ಗಂಟೆ. ಒಂದು ಎಚ್ಚರಿಕೆ: ದೌರ್ಬಲ್ಯ ಬರೆದರೆ ಅದಕ್ಕೆ ಏನು ಮಾಡುತ್ತಿದ್ದೀರಿ ಅನ್ನುವುದಕ್ಕೂ ಕಾಗದ ಇರಲಿ.

ಟ್ರಸ್ಟಿಗಳಿಗೆ ಲೆಕ್ಕ ತೋರಿಸಿ. ನಮ್ಮ ಕಾಲದ ಪದ್ಧತಿಯಲ್ಲಿ 1000 ಅಂಕದಲ್ಲಿ 350 ಬೋಧನೆ ಮತ್ತು ಕಲಿಕೆಗೆ. ಕಟ್ಟಡ, ಲೈಬ್ರರಿ ಎಲ್ಲ ಸೇರಿ 100. ಅದೂ ಅಲ್ಲದೆ ಒಟ್ಟು ಅಂಕದಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು ತಂಡ ಬರುವ ಮೊದಲೇ, ಅಂಕಿಗಳ ಮೇಲೆ ತೀರ್ಮಾನ ಆಗಿರುತ್ತಿತ್ತು. ಬಣ್ಣ ನೋಡುವವರು ಬರುವ ಹೊತ್ತಿಗೆ ಹೆಚ್ಚಿನ ಆಟ ಮುಗಿದಿರುತ್ತಿತ್ತು. ಎ ಬರಲು 4ಕ್ಕೆ 3.01 ಬೇಕಿತ್ತು. ನಮಗೆ ಮೊದಲ ಸಲ ಬಿ, ಎರಡನೇ ಸಲ ಬಿ ಪ್ಲಸ್ ಪ್ಲಸ್. ಯಾರೂ ಸಾಯಲಿಲ್ಲ. ಆದರೆ 2024ರಲ್ಲಿ ನ್ಯಾಕ್‌ನವರು ಗ್ರೇಡ್ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಅನ್ನುವ ಹೊಸ ಪದ್ಧತಿ ಪ್ರಕಟಿಸಿದ್ದಾರೆ. ಹಾಗಾಗಿ ನಿಮ್ಮ ಕೈಲಿರುವ ಮ್ಯಾನುಯಲ್ ಯಾವ ವರ್ಷದ್ದು ಅಂತ ಮೊದಲು ನೋಡಿಕೊಳ್ಳಿ.

ಶನಿವಾರ ಮಧ್ಯಾಹ್ನ ಮಾಟುಂಗಾ ಕಡೆ ಬಂದರೆ ಹೇಳಿ. ನಮ್ಮ ಹಳೆ ಎಕ್ಸೆಲ್ ಹಾಳೆ ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ, ಕೆಂಪು ಚೌಕ ಸಮೇತ. ಇಡ್ಲಿ ದುಡ್ಡು ನಿಮ್ಮದು.