ಮೊದಲನೇ ಕಟಗಿ ಹಡಗು, ವಿಕ್ಟರಿಯಿಂದನ ಶುರು ಮಾಡ್ಲ್ಯಾ?

ನವನಗರ ಮಾಸ್ತರ:

ಎಲ್ಲಾರಿಗೂ ನಮಸ್ಕಾರ್ರಿ. ನಾ ಬಾಗಲಕೋಟಿ ನವನಗರದಾಂವ, ಸಾಲಿ ಮಾಸ್ತರ, ಬರೂ ಮೇ ತಿಂಗಳಾಗ ರಿಟೈರ್ ಆಗ್ತೀನಿ. ಮುಂದ ಕೈಗೆ ಏನರೆ ಕೆಲಸ ಬೇಕಲ್ಲ ಅಂತ ವಿಚಾರ ಮಾಡಾಕತ್ತಿದ್ದೆ, ಯೂಟ್ಯೂಬ್‌ನ್ಯಾಗ ಕಟಗಿ ಹಡಗಿನ ಮಾಡೆಲ್ ಕಟ್ಟೂ ವಿಡಿಯೋ ಕಂಡ್ವು, ಅವತ್ತಿಂದ ತಲ್ಯಾಗ ಅದ ಕುಂತೈತಿ. ಸಮುದ್ರ ನೋಡಿದ್ದು ಗೋವಾಕ್ಕ ಹೋದಾಗ ಅಷ್ಟ, ನಮ್ಮ ಕಡೆ ದೊಡ್ಡ ನೀರಂದ್ರ ಆಲಮಟ್ಟಿ ಹಿನ್ನೀರು, ಹಿಂಗಿದ್ದಾಗ ನಿಮಗ ಹಡಗಿನ ಹುಚ್ಚು ಯಾಕ ಹತ್ತೇತಿ ಅಂತ ಮನ್ಯಾಗ ಕೇಳ್ತಾರ, ಏನ ಹೇಳ್ಬೇಕ್ರಿ.

ಈಗ ವಿಷಯ ಏನಂದ್ರ ಪುಣೆದಾಗಿರೂ ಮಗ ಎಚ್‌ಎಂಎಸ್ ವಿಕ್ಟರಿ ಕಿಟ್ ತರಸ್ತೀನಿ ಅಂತ ಹಟ ಹಿಡದಾನ, 1:72 ಸ್ಕೇಲಿಂದು, ಅಂದ್ರ ಅಸಲಿ ಹಡಗಿನ 72ನೇ ಒಂದು ಪಾಲು ಉದ್ದ, ಮಾಡೂದಾದ್ರ ದೊಡ್ಡದ ಮಾಡ್ರಿ ಅಪ್ಪಾ ಅಂತಾನ. ಫೋಟೋ ನೋಡಿದ್ರ ಮನಸ್ಸು ಜಗ್ತೈತಿ ಖರೆ, ಆದ್ರ ರೊಕ್ಕ ಸಣ್ಣದಲ್ಲ, ಮ್ಯಾಲ ನನಗ ಕಟಗಿ ಕೆಲಸ ಅಂದ್ರ ಗ್ವಾಡಿಗೆ ಒಂದು ಶೆಲ್ಫ್ ಹೊಡದದ್ದು ಬಿಟ್ರ ಮತ್ತೇನೂ ಗೊತ್ತಿಲ್ಲ. ಮೊದಲನೇದು ಇದ ತಗೊಂಡ್ರ ನಡೀತೈತೇನು? ಹತ್ಯಾರ ಯಾವ್ಯಾವು ಬೇಕು, ಇಲ್ಲೆ ಪ್ಯಾಟ್ಯಾಗ ಸಿಗ್ತಾವೋ ಎಲ್ಲಾ ಆನ್‌ಲೈನ್ ತರಸಬೇಕೋ? ಹಡಗಿನ ಒಡಲಿಗೆ ಹಚ್ಚೂ ಕಟಗಿ ಪಟ್ಟಿ ಬಗ್ಗಸಾಕ ರಾತ್ರಿಪೂರಾ ನೀರಾಗ ನೆನಿ ಹಾಕಬೇಕು ಅಂತ ಓಣ್ಯಾಗಿನವರೊಬ್ರು ಅಂದ್ರು, ಖರೆ ಏನು? ಮತ್ತ ಹಗ್ಗಕ್ಕ ದಾರ ನಮ್ಮ ಕಡೆನ ಸಿಗ್ತೈತೇನು, ನೇಕಾರ ಊರು ಸುತ್ತ ಇಷ್ಟ ಅದಾವು. ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಟಿಳಕವಾಡಿ ಪಾಲಿಶ್ ಪೇಪರ್:

ಮಾಸ್ತರ್ರ, ಮೊದಲ ಮಗಗ ಫೋನ್ ಹಚ್ಚಿ ಆರ್ಡರ್ ನಿಂದ್ರಸ್ರಿ, ಉಳದದ್ದು ಆಮ್ಯಾಲ ಓದ್ರಿ.

ವಿಕ್ಟರಿ ಕೆಟ್ಟದ್ದು ಅಂತಲ್ಲ. 1765ರಾಗ ನೀರಿಗೆ ಇಳದ ಹಡಗು, 1805ರ ಟ್ರಫಾಲ್ಗರ್ ಕಾಳಗದಾಗ ಇಂಗ್ಲೆಂಡಿನ ನೌಕಾಪಡೆ ಮುಖ್ಯಸ್ಥ ನೆಲ್ಸನ್ ಸತ್ತದ್ದು ಅದರ ಮ್ಯಾಲನ, ಇವತ್ತಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ್ಯಾಗ ನಿಂತೈತಿ, ಎಲ್ಲಾರಿಗೂ ಅದ ಬೇಕು. ಆದ್ರ ಅದಕ್ಕ 104 ತೋಪು. ತೋಪಿನ ಕಿಡಕಿ ಒಂದೊಂದೂ ಲೈನಿಗೆ ಬರಬೇಕು, ಮ್ಯಾಲಿನ ಡೆಕ್ಕಿನ ತೋಪಿಗೆ ಗಾಡಿ, ಗಾಲಿ, ಹಗ್ಗ ಎಲ್ಲಾ ಬೇರೆ ಬೇರೆ. ಒಂದು ತೋಪು ಮಾಡೂದು ಮಜಾ, ಹತ್ತನೇದಕ್ಕ ಬ್ಯಾಸರ, ಮೂವತ್ತನೇದಕ್ಕ ಡಬ್ಬಿ ಅಟ್ಟ ಏರ್ತೈತಿ. ಅಷ್ಟಾದಮ್ಯಾಲ ಮೂರು ಕಂಬದ ಹಗ್ಗದ ಕೆಲಸ ಇನ್ನೂ ಶುರುನ ಆಗಿರೂದಿಲ್ಲ. 1:72ರಾಗ ಅದು ಒಂದು ಮೀಟರ್ ದಾಟ್ತೈತಿ, ಗಾಜಿನ ಪೆಟ್ಟಿಗಿ ಇಲ್ಲಾಂದ್ರ ನಮ್ಮ ಕಡೆ ಧೂಳಿಗೆ ಆ ಹಗ್ಗ ಒರಸೂದು ಯಾರಿಂದಾನೂ ಆಗೂದಿಲ್ಲ, ಪೆಟ್ಟಿಗಿ ಮಾಡಿಸಿದ್ರ ಹಾಲ್‌ನ್ಯಾಗ ಸೋಫಾ ಎತ್ತಬೇಕು. ಅದು ಮನ್ಯಾಗಿನ ಪ್ರಶ್ನೆ, ನಾ ಬಾಯಿ ಹಾಕೂದಿಲ್ಲ.

ಹಡಗಿನ ಹೆಸರು ನೋಡಿ ತಗೋಬ್ಯಾಡ್ರಿ, ಅದರ ಒಡಲು ನೋಡಿ ತಗೋರಿ. ಮೊದಲನೇದಕ್ಕ ತೋಪು ಇರಬಾರದು, ಕಂಬ ಒಂದು ಇಲ್ಲಾ ಸೊನ್ನಿ. ಮಾಡೆಲ್ ಶಿಪ್‌ವೇಸ್ ಅಂತ ಅಮೆರಿಕಾದ ಕಂಪನಿ ಹೊಸಬರಿಗಂತನ ಮೂರು ದೋಣಿ ಸಾಲಾಗಿ ಮಾಡೇತಿ: ಮೊದಲನೇದು ಲೋವೆಲ್ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ 1:24ರಾಗ, ಎರಡನೇದು ನಾರ್ವೇಜಿಯನ್ ಸೇಲಿಂಗ್ ಪ್ರ್ಯಾಮ್, ಸಣ್ಣ ಹಾಯಿ ದೋಣಿ, 1:12ರಾಗ, ಮೂರನೇದು ಮಸ್ಕಾಂಗಸ್ ಬೇ ಲಾಬ್‌ಸ್ಟರ್ ಸ್ಮ್ಯಾಕ್, ಲಾಬ್‌ಸ್ಟರ್ ಹಿಡಿಯೂ ಒಂದು ಕಂಬದ ಹಾಯಿ ದೋಣಿ, ಮತ್ತ 1:24. ಡೋರಿ ಅಂದ್ರ ಸಪಾಟ ತಳದ ಮೀನು ಹಿಡಿಯೂ ದೋಣಿ, ಕೂಡೂ ಹಲಗಿ ತಗದು ಒಂದರಾಗೊಂದು ಇಟ್ಟು ದೊಡ್ಡ ಹಡಗಿನ ಡೆಕ್ ಮ್ಯಾಲ ಒಯ್ತಿದ್ರು. ಲೋವೆಲ್ ಅಂದ್ರ ಮ್ಯಾಸಚೂಸೆಟ್ಸಿನ ಏಮ್ಸ್‌ಬರಿ ಊರಾಗ 1793ರಿಂದ ದೋಣಿ ಕಟ್ಟಾಕತ್ತಿದ ಅಂಗಡಿ. ಈ ಮಾಡೆಲ್ ಮುಗದಮ್ಯಾಲ ಅಂಗೈ ಮ್ಯಾಲ ಇಟ್ಕೊಂಡು ತೋರಸಬಹುದು. ಕಸ್ಟಮ್ಸ್ ಡ್ಯೂಟಿ, ಪಾರ್ಸಲ್ ಚಾರ್ಜ್ ಕೂಡಿಸಿ ಲೆಕ್ಕ ಹಾಕ್ರಿ, ಕಿಟ್ಟಿನ ರೇಟ್ ಒಂದ ನೋಡಿ ಮೋಸ ಹೋಗಬ್ಯಾಡ್ರಿ. ಭಾಳ ಸೋವಿ ಕಿಟ್ ಕಂಡ್ರ ದೂರ ಸರೀರಿ, ಬ್ಯಾರೆಯವರ ಡ್ರಾಯಿಂಗ್ ಕದ್ದು ಹಾಳ ಪ್ಲೈವುಡ್ಡಿನ್ಯಾಗ ಕೊರದಿರ್ತಾರ.

ಈಗ ಅಸಲಿ ಕೆಲಸ. ಕೀಲ್ ಅಂದ್ರ ಹಡಗಿನ ತಳದ ಉದ್ದನ ಬೆನ್ನೆಲುಬು, ಬಲ್ಕ್‌ಹೆಡ್ ಅಂದ್ರ ಅದರ ಮ್ಯಾಲ ಅಡ್ಡ ನಿಲ್ಲಸೂ ಹಲಗಿ. ಕೀಲ್ ಮ್ಯಾಲ ಬಲ್ಕ್‌ಹೆಡ್ ನಿಲ್ಲಸೂ ಕಿಟ್‌ನ್ಯಾಗ ಎಲ್ಲಾರೂ ಲಗೂ ಪಟ್ಟಿ ಹಚ್ಚಾಕ ಓಡ್ತಾರ, ಅದಕ್ಕಿಂತ ಮೊದಲ ಬಲ್ಕ್‌ಹೆಡ್ಡಿನ ಅಂಚು ಓರೆ ಉಜ್ಜೂದು ಐತಲ್ಲ, ಅರ್ಧ ಹಡಗು ಅಲ್ಲೆ ಆಗ್ತೈತಿ ಅಂತ ನಾ ಹೇಳ್ತೀನಿ. ಲೇಸರ್‌ನ್ಯಾಗ ಕೊರದ ಕಟಗಿ ಅಂಚು ಕರ್ರಗ ಸುಟ್ಟಿರ್ತೈತಿ ನೋಡ್ರಿ, ಆ ಕರಿ ನಿಮ್ಮ ಗುರು. ಮೂತಿ ಕಡೆ ಹಡಗು ಸಣ್ಣಾಗ್ತಾ ಹೋಗ್ತೈತಿ, ಅಂದ್ರ ಅಲ್ಲಿ ಬಲ್ಕ್‌ಹೆಡ್ಡಿನ ಮುಂದಿನ ಅಂಚು ಪಟ್ಟಿಗೆ ಅಡ್ಡ ಬರ್ತೈತಿ, ಅದನ್ನ ಉಜ್ಜಬೇಕು, ನಡುವಿನ ಕಡಿಗಿರೂ ಅಂಚಿನ್ಯಾಗ ಕೂದಲದಷ್ಟು ಕರಿ ಗೆರಿ ಉಳೀಬೇಕು. ಆ ಗೆರಿನೂ ಹೋತಂದ್ರ ಹೆಚ್ಚ ಉಜ್ಜೀರಿ ಅಂತ ಅರ್ಥ. ಹಿಂದಿನ ಕಡೆ ಇದರ ಉಲ್ಟಾ. ನಡುವಿನ ಎರಡು ಮೂರು ಬಲ್ಕ್‌ಹೆಡ್ ಹೆಚ್ಚೂ ಕಮ್ಮಿ ಮುಟ್ಟೂದ ಬ್ಯಾಡ, ಅಂಟು ಹಿಡ್ಯಾಕ ಸುಟ್ಟದ್ದು ಸ್ವಲ್ಪ ತಗದ್ರ ಸಾಕು. ನಡುನಡುವ ಒಂದು ತೆಳ್ಳಗಿನ ಪಟ್ಟಿ ಮೂತಿಯಿಂದ ಹಿಂದಿನತನಕ ಬೆರಳಲೆ ಒತ್ತಿ ಹಿಡೀರಿ, ಎಲ್ಲಾ ಬಲ್ಕ್‌ಹೆಡ್ಡಿಗೂ ಪೂರಾ ಅಗಲ ಕುಂತ್ರ ಸರಿ, ಬರೇ ಅಂಚಿಗೆ ತಾಕಿ ಬೆಳಕು ಕಂಡ್ರ ಇನ್ನೂ ಉಜ್ಜಬೇಕು.

ಆಮ್ಯಾಲ ಪಟ್ಟಿ. ಒಂದ ಅಗಲದ ಪಟ್ಟಿ ಹಂಗ ಹಚ್ಕೋತ ಹೋದ್ರ ಮೂತಿ ಕಡೆ ಒಂದರ ಮ್ಯಾಲ ಒಂದು ಏರ್ತಾವ. ಕಲ್ಲಂಗಡಿ ಹಣ್ಣಿನ ಮ್ಯಾಲಿನ ಪಟ್ಟಿ ನೋಡ್ರಿ, ನಡುವ ಅಗಲ, ತುದಿಗೆ ಸಣ್ಣ, ಹಡಗಿಂದೂ ಹಂಗ. ಲೆಕ್ಕ ಸರಳ ಐತಿ: ಒಂದು ಕಾಗದದ ಪಟ್ಟಿ ತಗೊಂಡು ನಡುವಿನ ಬಲ್ಕ್‌ಹೆಡ್ ಮ್ಯಾಲ ಡೆಕ್ಕಿಂದ ಕೀಲ್‌ತನಕ ಸುತ್ತಿ ಅಳೀರಿ. 90 ಮಿಲಿಮೀಟರ್ ಬಂತು ಅನ್ರಿ, ಪಟ್ಟಿ 5 ಮಿಲಿಮೀಟರ್, ಅಂದ್ರ 18 ಪಟ್ಟಿ. ಮೂತಿ ಹತ್ರ ಅದ ಅಳತಿ 54 ಬಂದ್ರ 18 ಪಟ್ಟಿ ಅಲ್ಲಿ ಕೂಡಬೇಕು, ಒಂದೊಂದು 3 ಮಿಲಿಮೀಟರ್‌ಗೆ ಇಳಸಬೇಕು. ಅರ್ಧಕ್ಕಿಂತ ಸಣ್ಣ ಮಾಡಬ್ಯಾಡ್ರಿ, ಹಂಗ ಬಂದ್ರ ಎರಡು ಪಟ್ಟಿ ಸೇರಿಸಿ ಅಲ್ಲೆ ಒಂದಕ್ಕ ತರೂದು. ಹಿಂದಿನ ಕಡೆ ಜಾಗ ಹೆಚ್ಚಾಗಿ ಸಂದಿ ಬಿದ್ರ ಚೂಪಾದ ತುಂಡು ಸೇರಸ್ತಾರ. ಮತ್ತ ಒಂದ ಕಡೆ ಪಟ್ಟಿ ಹಚ್ಚಿ ಮುಗಿಸಿ ಆಮ್ಯಾಲ ಇನ್ನೊಂದು ಕಡೆ ಅಂತ ಹೋಗಬ್ಯಾಡ್ರಿ, ಕೀಲ್ ತಿರುಚಿ ಬಾಳಿಹಣ್ಣಾಗ್ತೈತಿ, ಎಡಕ್ಕೊಂದು ಬಲಕ್ಕೊಂದು ಹಚ್ಕೋತ ಹೋಗ್ರಿ.

ಡೋರಿಗೆ ಈ ಲೆಕ್ಕ ಬೇಕಾಗೂದಿಲ್ಲ, ಅದರ ಹಲಗಿ ಕೊರದ ಬರ್ತಾವ, ಒಂದರ ಅಂಚಿನ ಮ್ಯಾಲ ಒಂದು ಕೂಡಿಸಬೇಕು ಅಷ್ಟ. ಲಾಬ್‌ಸ್ಟರ್ ಸ್ಮ್ಯಾಕ್‌ಗೆ ಬಂದಾಗ ಬೇಕಾಗ್ತೈತಿ.

ಹತ್ಯಾರ ಅಂದ್ರ 11 ನಂಬರ್ ಬ್ಲೇಡಿನ ಚಾಕು, ಸ್ಟೀಲ್ ಸ್ಕೇಲ್, ಪಾಲಿಶ್ ಪೇಪರ್ 120, 220, 400, ಬಟ್ಟಿ ಒಣ ಹಾಕೂ ಕ್ಲಿಪ್ ಒಂದು ಡಜನ್, ರಬ್ಬರ್ ಬ್ಯಾಂಡ್, ಮೊಬೈಲ್ ರಿಪೇರಿಯವರ ಕಡೆ ಇರ್ತೈತಲ್ಲ ಚೂಪ ಚಿಮಟಾ, ಕೈಲೆ ತಿರಗಸೂ ಸಣ್ಣ ಡ್ರಿಲ್. ಎಲ್ಲಾ ಊರಾಗ ಸಿಗ್ತಾವ. ಪಾಲಿಶ್ ಪೇಪರ್ ಬರೇ ಬೆರಳಾಗ ಹಿಡದು ಉಜ್ಜಬ್ಯಾಡ್ರಿ, ಒಂದು ಸಪಾಟ ಕಟಗಿ ತುಂಡಿಗೆ ಅಂಟಸ್ರಿ. ಅಂಟಿಗೆ ಬಿಳಿ ಫೆವಿಕಾಲ್. ಫೆವಿಕ್ವಿಕ್ ಒಂದು ಹನಿ, ಅದೂ ಮೂತಿ ಕಡೆ ಪಟ್ಟಿ ಎದ್ದು ಬರೂವಲ್ಲಿ ಹಿಡಕೊಳ್ಳಾಕ ಅಷ್ಟ, ಹೆಚ್ಚಾದ್ರ ಬೆಳ್ಳಗ ಹೊಗಿ ಹಿಡದಂಗ ಕಲಿ ಬೀಳ್ತೈತಿ. ಹೊರಗ ಬಂದ ಫೆವಿಕಾಲ್ ಅಲ್ಲೇ ಒದ್ದಿ ಅರಿವಿಲೆ ಒರಸ್ರಿ, ಒಣಗಿದಮ್ಯಾಲ ಆ ಜಾಗದಾಗ ಪಾಲಿಶ್ ಹಿಡ್ಯೂದಿಲ್ಲ. ನಮ್ಮ ಬೆಳಗಾಂವಿ ಮಳ್ಯಾಗ ಫೆವಿಕಾಲ್ ಒಣಗೂದಂದ್ರ ಭಾಳ ತಡಾ, ನಿಮಗ ಆ ತ್ರಾಸ ಇಲ್ಲ.

ರಂದಾ ವಿಜಾಪುರ:

ಮಾಸ್ತರ್ರ, ನಾ ಹಡಗ ಮಾಡಿಲ್ಲ, ಬಾಗಲಾ ಕಿಡಕಿ ಮಾಡಾಂವ, ಆದ್ರ ಕಟಗಿ ಬಗ್ಗಸೂದು ಹಡಗಿಗೂ ಒಂದ ಕುರ್ಚಿಗೂ ಒಂದ. ರಾತ್ರಿಪೂರಾ ನೆನಿ ಹಾಕೂದು ಬ್ಯಾಡ್ರಿ. ಕಟಗಿ ಬಗ್ಗೂದು ಶಾಖಕ್ಕ, ನೀರು ಆ ಶಾಖ ಒಳಗ ಒಯ್ಯಾಕ ಅಷ್ಟ. ಒಂದೂವರಿ ಮಿಲಿಮೀಟರ್ ಪಟ್ಟಿ ಅಂದ್ರ ಹತ್ತು ಹದಿನೈದು ನಿಮಿಷ ನೀರಾಗ ಇಟ್ರ ಭಾಳಾತು. ಆಮ್ಯಾಲ ಇಸ್ತ್ರಿ ಪೆಟ್ಟಿಗಿ ಕಾಸಿ ಅದರ ಕೆಳಗ ಪಟ್ಟಿ ಮೆಲ್ಲಕ ಎಳಕೋತ ಬಗ್ಗಸ್ರಿ, ಬಗ್ಗಿದ್ದನ್ನ ಆ ಆಕಾರದಾಗನ ಕ್ಲಿಪ್ ಹಾಕಿ ಹಿಡದು ಪೂರಾ ಒಣಗಾಕ ಬಿಡ್ರಿ. ಒಣಗಿದ ಮ್ಯಾಲನ ಅಂಟು.

ಇದನ್ಯಾಕ ಒತ್ತಿ ಹೇಳ್ತೀನಿ ಅಂದ್ರ ಒದ್ದಿ ಕಟಗಿ ಅಗಲಕ್ಕ ಉಬ್ಬಿರ್ತದ. ಉಬ್ಬಿದ್ದನ್ನ ಹಂಗ ಹಚ್ಚಿದ್ರ ಅದು ಅಲ್ಲೇ ಕುಂತು ಒಣಗಿ ಕುಗ್ತದ, ನಡುವ ಸಂದಿ ಬಿಡ್ತದ. ನಮ್ಮ ವಿಜಾಪುರ ಬ್ಯಾಸಗ್ಯಾಗ ಚಲೋ ಸಾಗವಾನಿ ಬಾಗಲನ ಕುಗ್ಗಿ ಸಂದಿ ಬಿಡ್ತದ, ನಿಮ್ಮ ಒಂದೂವರಿ ಮಿಲಿಮೀಟರ್ ಪಟ್ಟಿದೇನು ಕಥಿ. ಬಾಗಲಕೋಟಿ ಹವಾನೂ ಅದ ಅಲ್ರಿ. ಕಿಟ್ ಬಂದ ಮ್ಯಾಲ ಡಬ್ಬಿ ತಗದು ಪಟ್ಟಿ ಒಂದೆರಡು ವಾರ ಮನ್ಯಾಗಿನ ಹವಾಕ್ಕ ಹಂಗ ಬಿಡ್ರಿ, ಬಿಸಿಲಿಗಲ್ಲ ಮತ್ತ.

ಇಸ್ತ್ರಿ ಪೆಟ್ಟಿಗಿ ಹಳೇದೊಂದು ಬ್ಯಾರೆ ಇಟ್ಕೋರಿ. ಮನ್ಯಾಗಿಂದು ಮುಟ್ಟಿದ್ರಿ ಅಂದ್ರ ಮುಂದಿಂದಕ್ಕ ನಾವು ಜವಾಬ್ದಾರರಲ್ಲ.

ಟಿಳಕವಾಡಿ ಪಾಲಿಶ್ ಪೇಪರ್:

ಅಣ್ಣಾ ಹೇಳಿದ್ದು ಬರೋಬ್ಬರಿ. ಕಿಟ್ಟಿನ್ಯಾಗ ಬರೂ ಮೆತ್ತನ ಬಾಸ್‌ವುಡ್ ಕಟಗಿ ಅಂತೂ ನೀರಿಲ್ಲದನ ಬರೇ ಶಾಖಕ್ಕ ಬಗ್ತೈತಿ. ಆದ್ರ ವಾಲ್ನಟ್ ತೆಳ್ಳಗಿದ್ರೂ ಟಕ್ ಅಂತ ಮುರೀತೈತಿ, ಅದಕ್ಕ ನೀರು ಬೇಕ ಬೇಕು.

ಗುಳೇದಗುಡ್ಡ ಖಣ:

ಅಣ್ಣಾರ, ದಾರದ ವಿಷಯ ನನಗ ಬಿಡ್ರಿ, ನಮ್ಮದು ಮಗ್ಗದ ಮನಿ, ನಮ್ಮ ತಮ್ಮ ಬೆಂಗಳೂರಾಗ ಈ ಹಡಗಿನ ಹುಚ್ಚಿನ್ಯಾಗ ಅದಾನ, ಊರಿಗೆ ಬಂದಾಗೆಲ್ಲಾ ನೂಲು ಒಯ್ತಾನ. ಮಗ್ಗಕ್ಕ ಹಾಕಾಕ ಗಂಜಿ ಕುಡಿಸಿದ ನೂಲು ಬ್ಯಾಡ್ರಿ, ಅದು ಸೆಟೆದು ನಿಂದರ್ತೈತಿ, ಹಗ್ಗ ಜೋತು ಬಿದ್ದಂಗ ಕಾಣೂದಿಲ್ಲ. ಗಂಜಿ ಹಾಕದ ಕಾಟನ್ ಎರಡೆಳಿ ನೂಲು ಕೇಳ್ರಿ. ಕಾಟನ್ನಿಗೆ ಸಣ್ಣ ಸಣ್ಣ ರೋಮ ಇರ್ತೈತಿ, ಫೋಟೋ ಹೊಡದ್ರ ಹಗ್ಗಕ್ಕ ಗಡ್ಡ ಬಂದಂಗ ಕಾಣ್ತೈತಿ, ಅದಕ್ಕ ಜೇನು ಮೇಣದ ತುಂಡಿನ ಮ್ಯಾಲ ಎರಡು ಮೂರು ಸಲ ಎಳೆದು ಬೆರಳಾಗ ತಿಕ್ರಿ, ಕುಂದರ್ತೈತಿ.

ದಪ್ಪ ಎಷ್ಟು ಬೇಕು ಅಂತ ಕಣ್ಣಂದಾಜು ಮಾಡಬ್ಯಾಡ್ರಿ. ಅಸಲಿ ಹಡಗಿನ ಹಗ್ಗ 24 ಮಿಲಿಮೀಟರ್ ಇದ್ರ 1:24ರಾಗ ಒಂದು ಮಿಲಿಮೀಟರ್, ಅದ 1:72ರಾಗ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಅಷ್ಟು ಸಣ್ಣದು ಅಳಿಯೂದು ಹೆಂಗಂದ್ರ ದಾರಾನ ಪೆನ್ಸಿಲ್ ಸುತ್ತ ಒತ್ತೊತ್ತಾಗಿ ಹತ್ತು ಸುತ್ತು ಸುತ್ರಿ, ಸ್ಕೇಲ್ ಹಿಡೀರಿ, 5 ಮಿಲಿಮೀಟರ್ ಬಂದ್ರ ದಾರ ಅರ್ಧ ಮಿಲಿಮೀಟರ್.

ಬಣ್ಣ: ಕಂಬ ಹಿಡದು ನಿಲ್ಲಸೂ ಹಗ್ಗಕ್ಕ ಡಾಂಬರು ಬಳೀತಿದ್ರಂತ, ಅದಕ್ಕ ಅವು ಕರಿ. ಹಾಯಿ ಏರಸಿ ಇಳಸೂ ಹಗ್ಗ ತಿಳಿ ಕಂದು. ಹಾಲಿನಂಥ ಬಿಳಿ ದಾರ ಎಲ್ಲೂ ಹಾಕಬ್ಯಾಡ್ರಿ. ತಿಳಿ ಕಂದಿಗೆ ಹಾಲು ಸಕ್ಕರಿ ಹಾಕದ ಚಹಾದ ಡಿಕಾಕ್ಷನ್‌ನ್ಯಾಗ ನೆನಸಿದ್ರ ಸಾಕ್ರಿ, ಮೇಣ ಹಚ್ಚೂದಕ್ಕಿಂತ ಮೊದಲ ಮತ್ತ, ಮೇಣ ಆದಮ್ಯಾಲ ಬಣ್ಣ ಹಿಡ್ಯೂದಿಲ್ಲ.

ಸವದತ್ತಿ ಹುಡುಗ:

ಎಲ್ಲಾರೂ ಇಂಗ್ಲೆಂಡ್ ಅಮೆರಿಕಾ ಅಂತೀರಿ, ನಮ್ಮ ಕೌಂಡಿನ್ಯ ಹಡಗು ಮಾಡ್ರಿ ಸರ! 2025ರ ಮೇ 21ಕ್ಕ ಕಾರವಾರದಾಗ ನೇವಿಗೆ ಸೇರಿತಲ್ಲ, ಅಜಂತಾದ ಐದನೇ ಶತಮಾನದ ಚಿತ್ರ ನೋಡಿ ಕಟ್ಟಿದ್ದು, ಮೊಳಿ ಇಲ್ಲ, ಎಲ್ಲಾ ಹಲಗಿ ತೆಂಗಿನ ನಾರಿನ ಹಗ್ಗಲೆ ಹೊಲದದ್ದು.

ಟಿಳಕವಾಡಿ ಪಾಲಿಶ್ ಪೇಪರ್:

ತಮ್ಮಾ, ಆಶಾ ನಮಗೂ ಐತಿ. ಆದ್ರ ಪ್ರತಿ ಹಲಗಿ ಅಂಚಿಗೆ ಸಾಲಾಗಿ ತೂತು ಕೊರದು ಹೊಲಿಯೂದು, 1:24ರಾಗ, ಅದೂ ಮೊದಲನೇ ಹಡಗಿಗೆ? ಮಾಸ್ತರ್ರು ವಾಪಸ್ ಸಾಲಿಗೆ ಹೊಕ್ಕಾರು. ಅಚ್ಚುಕಟ್ಟಾದ ಡ್ರಾಯಿಂಗ್ ಕೈಗೆ ಬರೂತನಕ ಅದು ಅನುಭವ ಇದ್ದವರ ಕೆಲಸ. ಹಂಗ ಸ್ವಂತ ಡ್ರಾಯಿಂಗ್ ಮ್ಯಾಲ ಕಟ್ಟಬೇಕು ಅಂದ್ರ ಕೃಷ್ಣಾ ನದಿ ದಂಡಿಗೆ ನಿಂತ ಸಾದಾ ದೋಣಿ ಅಳತಿ ತಗೊಂಡು ಬರ್ರಿ, ಅದು ಆಗೂ ಮಾತು. ಮೂತಿ ಒಳಗ ತುಂಬೂ ಬ್ಲಾಕಿಗೆ ಗೋಕಾಕದ ಆಟಿಗಿ ಮಾಡೂ ಹಗುರ ಕಟಗಿಯಂಥಾದ್ದು ಸಿಕ್ರ ಬಾಲ್ಸಾ ಅನ್ನೂ ಹಗುರ ಕಟಗಿ ತರಸೂ ಖರ್ಚೂ ಉಳೀತೈತಿ.

ನವನಗರ ಮಾಸ್ತರ:

ಎಲ್ಲಾರಿಗೂ ಭಾಳ ಉಪಕಾರ ಆತು. ಮಗಗ ಫೋನ್ ಮಾಡಿದೆ, ಮೊದಲ ಮಾರಿ ಸಣ್ಣ ಮಾಡಿದ, ಆಮ್ಯಾಲ ಡೋರಿ ರೇಟ್ ಕೇಳಿ ಖುಷಿ ಆದ. ಅಕ್ಕಾರ, ಸೂಟಿಗೆ ಗುಳೇದಗುಡ್ಡಕ್ಕ ಬರ್ತೀನಿ ನೂಲಿಗೆ. ಇನ್ನೊಂದು ಪ್ರಶ್ನೆ ಐತಿ, ಡೋರಿಗೆ ಬಣ್ಣ ಹಚ್ಚೂದು ಚಲೋನೋ ಕಟಗಿ ಕಾಣೂವಂಗ ಪಾಲಿಶ್ ಚಲೋನೋ? ನನಗ ಕಟಗಿ ಕಾಣಬೇಕು ಅಂತ ಆಶಾ.

ರಂದಾ ವಿಜಾಪುರ:

ಬಾಸ್‌ವುಡ್ಡಿಗೆ ಸೀದಾ ಕಲರ್ ಪಾಲಿಶ್ ಹಚ್ಚಿದ್ರ ಒಂದ ಕಡೆ ಕಪ್ಪ, ಒಂದ ಕಡೆ ತಿಳಿ, ಕಲಿ ಕಲಿ ಆಗ್ತದ. ಮೊದಲ ಚಪಡಾ, ಅಂದ್ರ ಪಾಲಿಶ್‌ಗೆ ಹಾಕೂ ಅರಗು, ಸ್ಪಿರಿಟ್‌ನ್ಯಾಗ ತೆಳ್ಳಗ ಕರಗಿಸಿ ಒಂದು ಕೋಟ್ ಹೊಡೀರಿ, ಒಣಗಿದ ಮ್ಯಾಲ 400 ಪೇಪರ್‌ಲೆ ಹಗುರಕ ಸವರ್ರಿ, ಆಮ್ಯಾಲ ಕಲರ್.

ಟಿಳಕವಾಡಿ ಪಾಲಿಶ್ ಪೇಪರ್:

ನಾ ಆದ್ರ ಒಳಗ ಚಪಡಾ ಅಷ್ಟ ಹೊಡದು ಕಟಗಿ ಕಾಣಾಕ ಬಿಡ್ತೀನಿ, ಹೊರಗ ಮಾಸಿದ ಹಳದಿ ಬಣ್ಣ, ಅಸಲಿ ಡೋರಿಗೂ ಭಾಳ ಕಡೆ ಅದ ಹಚ್ತಿದ್ರು. ಮೊದಲನೇ ದೋಣಿದು ಹೊರಗಿನ ಸಂದಿಗೆ ಪುಟ್ಟಿ ತುಂಬೂದು ಬಂದ ಬರ್ತೈತಿ, ಪಾಲಿಶ್ ಹಚ್ಚಿದ್ರ ಪುಟ್ಟಿ ಎಲ್ಲಾ ಎದ್ದು ಕಾಣ್ತೈತಿ, ಬಣ್ಣ ಮುಚ್ತೈತಿ. ಕಿಟ್ಟಿನ ಹಾಳಿಯಿಂದ ಭಾಗ ಬಿಡಿಸಿದಮ್ಯಾಲ ಉಳದ ಕಟಗಿ ಚೂರು ಒಗೀಬ್ಯಾಡ್ರಿ, ಎರಡೂ ಅದರ ಮ್ಯಾಲ ಹಚ್ಚಿ ನೋಡ್ರಿ, ಆಮ್ಯಾಲ ಯಾವ್ದು ಅಂತ ಹೇಳ್ರಿ.