ಪ್ರೊಪೆಲರ್ 'ಭಾರ' ಅನ್ನಬೇಕೋ, 'ಹೊರೆ' ಅನ್ನಬೇಕೋ? 'ಪಿಚ್'ಗೆ ಯಾವ ಪದ?

ಪ್ರಶ್ನೆ, ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನಗಳ ಬಗ್ಗೆ ಡಿಪ್ಲೊಮಾ ಹುಡುಗರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. 0.40 ಘನ ಇಂಚಿನ ಗ್ಲೋ ಎಂಜಿನ್‌ಗೆ (ಬಿಸಿ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್, ಸುಮಾರು 6.5 ಸಿಸಿ) 12×6 ಪ್ರೊಪೆಲರ್ (ವ್ಯಾಸ 12 ಇಂಚು, ಪಿಚ್ 6 ಇಂಚು) ಹಾಕಿದರೆ ಎಂಜಿನ್ನಿನ ಸುತ್ತು ಏರುವುದೇ ಇಲ್ಲ. ಇದನ್ನು 'ಪ್ರೊಪೆಲರ್ ಭಾರವಾಯಿತು' ಎಂದು ಬರೆದರೆ ಹುಡುಗರು ತಕ್ಕಡಿಯ ತೂಕ ಎಂದುಕೊಳ್ಳುತ್ತಾರೆ. 'ಪಿಚ್'ಗೆ ಒಬ್ಬರು 'ಓರೆ' ಅಂದರು, ಇನ್ನೊಬ್ಬರು 'ಅಂತರ' ಅಂದರು. ಪ್ರೊಪೆಲರ್‌ಗೆ 'ರೆಕ್ಕೆ' ಎಂದರೆ ಸಾಕೇ? ತಿಳಿದವರು ಹೇಳಬೇಕು.

ಉತ್ತರ, ರಾಯಚೂರಿನಿಂದ:

ಸರ್, 'ರೆಕ್ಕೆ' ಬೇಡ. ವಿಮಾನಕ್ಕೆ ರೆಕ್ಕೆ ಬೇರೆಯೇ ಇದೆ. 'ನೋದಕ' ಎಂದು ಒಮ್ಮೆ ಪರಿಚಯಿಸಿ, ಮುಂದೆ ಪ್ರೊಪೆಲರ್ ಎಂದೇ ಬರೆಯಿರಿ. ಅದರ ಒಂದೊಂದು ಎಸಳಿಗೆ 'ಅಲಗು' ಚೆನ್ನಾಗಿ ಒಪ್ಪುತ್ತದೆ.

'ಹೊರೆ'ಯೇ ಸರಿ. ಸಾಲದ ಹೊರೆ, ತೆರಿಗೆಯ ಹೊರೆ ಎನ್ನುವಾಗ ಯಾರೂ ತೂಕ ಕೇಳುವುದಿಲ್ಲ. ನಮ್ಮ ಕಡೆ ಟ್ರ್ಯಾಕ್ಟರಿನವರು 'ಲೋಡ್ ತಗೊಳ್ಳಂಗಿಲ್ಲ' ಅನ್ನುವುದೂ ಇದೇ ಅರ್ಥದಲ್ಲಿ. ಗಾಳಿಯನ್ನು ಹಿಂದಕ್ಕೆ ನೂಕಲು ಎಂಜಿನ್ ಕೊಡಬೇಕಾದ ಶಕ್ತಿಯೇ ಹೊರೆ. ಹಗುರ ಕಾರ್ಬನ್ನಿನ 12×6 ಆದರೂ ಹೊರೆ ದೊಡ್ಡದೇ. ಸುತ್ತಿನ ವೇಗ ಅಷ್ಟೇ ಇದ್ದಾಗ ಅದು ಸುಮಾರಾಗಿ ವ್ಯಾಸದ ನಾಲ್ಕನೇ ಘಾತವನ್ನು ಪಿಚ್‌ನಿಂದ ಗುಣಿಸಿದಂತೆ ಏರುತ್ತದೆ. 10×6ರಿಂದ 12×6ಕ್ಕೆ ಹೋದರೆ ಎರಡು ಪಟ್ಟು. ಎಂಜಿನ್ ಸುತ್ತು ಏರದೆ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ, ಇಂಧನ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುತ್ತದೆ. ತಿರುಗಿ 9×4 ಹಾಕಿದರೆ ಹೊರೆ ಅರ್ಧಕ್ಕಿಂತ ಕಡಿಮೆ. ಎಂಜಿನ್ ಮಿತಿಮೀರಿ ತಿರುಗಿ ಬೇರಿಂಗು, ಕನೆಕ್ಟಿಂಗ್ ರಾಡು ಹಾಳಾಗುತ್ತವೆ.

'ಓರೆ' ಪೂರಾ ತಪ್ಪು. 10×6ರಲ್ಲಿ ನಡುವಿನಿಂದ 2 ಇಂಚಿನ ಹತ್ತಿರ ಅಲಗಿನ ಓರೆ ಸುಮಾರು 25 ಡಿಗ್ರಿ, ತುದಿಯಲ್ಲಿ 11 ಡಿಗ್ರಿ. ಪಿಚ್ ಮಾತ್ರ ಎರಡೂ ಕಡೆ 6 ಇಂಚೇ. 'ಅಂತರ' ಎಂದರೆ ಯಾವುದರಿಂದ ಯಾವುದಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ. ಬೋಲ್ಟು ನಟ್ಟಿನೊಳಗೆ ಒಂದು ಸುತ್ತಿಗೆ ಇಷ್ಟು ಒಳಗೆ ಹೋಯಿತು ಅನ್ನುವಂತೆ, ಜಾರಿಕೆಯಿಲ್ಲದಿದ್ದರೆ ಪ್ರೊಪೆಲರ್ ಒಂದು ಸುತ್ತಿಗೆ ಮುಂದೆ ಹೋಗುವ ದೂರವೇ ಪಿಚ್. ಆದ್ದರಿಂದ 'ಸುತ್ತಿನ ಮುನ್ನಡೆ' ಎನ್ನಿ. ಲೆಕ್ಕವೂ ಈ ಪದದಿಂದ ತಾನೇ ಹೊರಡುತ್ತದೆ: ನಿಮಿಷಕ್ಕೆ 11,000 ಸುತ್ತು, ಮುನ್ನಡೆ 6 ಇಂಚು, ಅಂದರೆ ಗಂಟೆಗೆ ಸುಮಾರು 100 ಕಿ.ಮೀ. ಗಾಳಿಯಲ್ಲಿ ಜಾರುವುದರಿಂದ ವಿಮಾನದ ವೇಗ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ.

ಈ ಎರಡು ಪದ ಕೂಡಿಸಿ ಒಂದು ಉದಾಹರಣೆ ಕೊಡಿ, ಹುಡುಗರಿಗೆ ಬೇಗ ಹತ್ತುತ್ತದೆ. 11×4ರ ಹೊರೆ 10×6ರದಕ್ಕೆ ಹತ್ತಿರ ಹತ್ತಿರ ಸಮ. ಆದರೆ ಅಷ್ಟೇ ಸುತ್ತಿಗೆ ವೇಗ 67 ಕಿ.ಮೀ.ಗೆ ಇಳಿಯುತ್ತದೆ, ಎಳೆತ ಹೆಚ್ಚುತ್ತದೆ. ನಿಧಾನ ಹಾರುವ, ದಪ್ಪ ರೆಕ್ಕೆಯ ಕಲಿಕೆಯ ವಿಮಾನಕ್ಕೆ 11×4 ಹಿತ, ಚುರುಕಿನದಕ್ಕೆ 10×6.

ನಮ್ಮ ಜಿಲ್ಲೆಗಳ ಬಿಸಿಲಿನ ಮಾತೂ ಸೇರಿಸಿ. 40 ಡಿಗ್ರಿಯಲ್ಲಿ ಬಳ್ಳಾರಿಯ ಗಾಳಿ, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಸುಮಾರು ಎಂಟನೇ ಒಂದು ಪಾಲು ವಿರಳ. ಎಂಜಿನ್ ಶಕ್ತಿ ಇಳಿಯುತ್ತದೆ, ತಣಿಯುವುದೂ ಕಷ್ಟ. ಪೂರ್ತಿ ಥ್ರಾಟಲಿನಲ್ಲಿ ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ತಿರುಗಿಸಿ ಗರಿಷ್ಠ ಸುತ್ತು ಕಂಡ ಮೇಲೆ, 300ರಷ್ಟು ಇಳಿಯುವವರೆಗೆ ಮತ್ತೆ ಬಿಚ್ಚಬೇಕು. ಟ್ಯಾಕೋಮೀಟರ್ (ಸುತ್ತು ಅಳೆಯುವ ಸಾಧನ) ಹಿಡಿಯುವವರು ಪ್ರೊಪೆಲರಿನ ಹಿಂದೆ ನಿಲ್ಲಬೇಕು, ಪಕ್ಕಕ್ಕಲ್ಲ.

ಬ್ಯಾಟರಿ ಮೋಟಾರಿಗೂ 'ಹೊರೆ' ನಡೆಯುತ್ತದೆ, ಆದರೆ ಕೆಡುವ ರೀತಿ ಬೇರೆ. ಅದು ಸುತ್ತು ಬಿಟ್ಟುಕೊಡದೆ ಹೆಚ್ಚು ಆಂಪಿಯರ್ ಎಳೆಯುತ್ತದೆ, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಸುಡುತ್ತದೆ. ಅಲ್ಲಿ ಟ್ಯಾಕೋಮೀಟರ್ ಒಂದೇ ಸಾಲದು, ವಾಟ್‌ಮೀಟರ್ ಬೇಕು.

ಅಧ್ಯಾಯದ ತಲೆಬರಹಕ್ಕೆ 'ಹೊಂದಾಣಿಕೆ'ಗಿಂತ 'ಎಂಜಿನ್‌ಗೆ ತಕ್ಕ ಪ್ರೊಪೆಲರ್' ಎಂದಿಡಿ, ಸರ್.